ಮಜ್ಜಿಗೆ ಬಾಟ್ಲಿ ಮತ್ತು ಒಂದು ಕೆಟ್ಟ ಸೋಲು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಮೆಂತೆ ತುಂಬಿಸಿಟ್ಟ ಒಂದು ಪ್ಲಾಸ್ಟಿಕ್ ಬಾಟ್ಲಿ ಉಂಟು. ಅಂಗಡಿಯಲ್ಲಿ ನೀರು ತುಂಬಿಸಿ ಮಾರುತ್ತಾರಲ್ಲ, ಅದೇ ಜಾತಿಯದು. ಮೈಯೆಲ್ಲ ನೆಗ್ಗಿದೆ, ಮುಚ್ಚಳ ಸಡಿಲ. ಮಗಳು ವಿನಯಾ ಅದನ್ನು ಮೂರು ಸಲ ಕಸದ ಡಬ್ಬಕ್ಕೆ ಹಾಕಿದಳು. ಮೂರು ಸಲವೂ ನಾನು ತೆಗೆದು ತೊಳೆದಿಟ್ಟೆ. ಪ್ರೀತಿಯಿಂದ ಇಟ್ಟುಕೊಂಡದ್ದಲ್ಲ. ಬಾಟ್ಲಿಯ ಮೇಲೆ ಎಂಥ ಪ್ರೀತಿ? ಮೆಂತೆ ತೆಗೆಯುವಾಗೆಲ್ಲ ಅದನ್ನು ನೋಡಿ ಎದೆ ಒಮ್ಮೆ ಧಸಕ್ಕೆನ್ನಬೇಕು, ಅದಕ್ಕೆ ಇಟ್ಟದ್ದು. ಈ ವಯಸ್ಸಿನಲ್ಲಿ ಮರೆವು ಜಾಸ್ತಿ. ಕೆಲವು ಸಂಗತಿ ಮರೆಯಬಾರದು.

ಬರೆಯುವುದರಲ್ಲಿ ನಾನು ದೊಡ್ಡ ಜನವಲ್ಲ. ಮೂರನೇ ಕ್ಲಾಸಿನವರೆಗೆ ಓದಿದೆ, ಆಮೇಲೆ ಪುಸ್ತಕದ ಜಾಗಕ್ಕೆ ಮಡಿಲಿಗೆ ಮೊರ ಬಂತು. ಉಡುಪಿ ಕಡೆಯ ಹೆಂಗಸರಿಗೆ ಇಷ್ಟು ಹೇಳಿದರೆ ಸಾಕು, ಉಳಿದವರಿಗೆ ಬಿಡಿಸಿ ಹೇಳುತ್ತೇನೆ: ನಲವತ್ತು ವರ್ಷ ನಾನು ಬೀಡಿ ಕಟ್ಟಿದವಳು. ಮೊರದ ತುಂಬ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ಈಗ ಆ ಮಡಿಲಿನಲ್ಲಿ ಟಿವಿಯ ರಿಮೋಟು. ಮಗಳು ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಮನೆ ಲಾಸ್ ಏಂಜಲೀಸಿನ ಹತ್ತಿರ ಡೈಮಂಡ್ ಬಾರ್ ಎಂಬ ಊರಿನಲ್ಲಿ. ಅಳಿಯ ಬೆಂಗಳೂರಿನವ, ಅವನಿಂದಾಗಿ ಮನೆಯ ಮಾತು ಕನ್ನಡವಾಯಿತು. ಒಬ್ಬಳೇ ಮೊಮ್ಮಗಳು, ಅನ್ವಿತಾ. ನಾವು ಅನ್ವಿ ಎನ್ನುತ್ತೇವೆ. ಅವಳು ಸ್ಯಾನ್ ಡಿಯೇಗೋದಲ್ಲಿ ಕಾಲೇಜು ಓದುವಾಗ ನಡೆದದ್ದು ಇದು. ಅದು ಅವಳ ಕೊನೆಯ ವರ್ಷ.

ಅನ್ವಿ ಕಾಲೇಜಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದಳು. ಎದೆಗೆ ಕಟ್ಟಿಕೊಳ್ಳುವ, ಬಂಡಿಯ ಗಾಲಿಯಂಥ ಡ್ರಮ್. ಅಂಥವು ಐದು, ಸಣ್ಣದರಿಂದ ದೊಡ್ಡದಕ್ಕೆ. ಇವಳದು ನಾಲ್ಕನೆಯದು. ಒಬ್ಬೊಬ್ಬರಿಗೆ ಒಂದೊಂದೇ ಸ್ವರ. ಮೊದಲನೆಯವ ಹೊಡೆದ ಮೇಲೆ ಎರಡನೆಯವ, ಆಮೇಲೆ ಮೂರನೆಯವಳು, ಹೀಗೆ ಏಟು ಕೈಯಿಂದ ಕೈಗೆ ದಾಟಿಹೋಗಬೇಕು. ಒಬ್ಬರು ತಪ್ಪಿದರೆ ಐವರೂ ಬಿದ್ದಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದರೆ ಬಾಯಿ ಮುಚ್ಚಿ ಕೂತಿರುತ್ತಿದ್ದೆ. ಕೂತಿರುತ್ತಿದ್ದೆನೋ ಇಲ್ಲವೋ, ಈಗ ಹೇಳಿ ಏನು ಪ್ರಯೋಜನ?

ಸೆಪ್ಟೆಂಬರಿನಲ್ಲಿ ಒಂದು ಶನಿವಾರ ನನ್ನನ್ನು ಮೊದಲ ಸಲ ಅವಳ ಕಾಲೇಜಿನ ತಂಡದ ಆಟಕ್ಕೆ ಕರೆದುಕೊಂಡು ಹೋದರು, ಚೆಂಡನ್ನು ಕೈಯಲ್ಲಿ ಹಿಡಿದು ಓಡಿದರೂ ಇಲ್ಲಿಯವರು ಫುಟ್‌ಬಾಲ್ ಎನ್ನುವ ಆಟ. ಸುಡುವ ಬಿಸಿಲು. ನಾನು ಹೊರಡುವಾಗಲೇ ಮಜ್ಜಿಗೆ ಮಾಡಿದೆ, ಉಪ್ಪು, ಶುಂಠಿ, ಕರಿಬೇವು, ಜಜ್ಜಿದ ಹಸಿಮೆಣಸು. ಸ್ಟೀಲ್ ಬಾಟ್ಲಿಗೆ ಹೊಯ್ಯಲು ಹೋದರೆ ವಿನಯಾ ತಡೆದಳು.

"ಅಮ್ಮ, ಸ್ಟೀಲ್ ಒಳಗೆ ಬಿಡುದಿಲ್ಲ. ಆಚೆಯಿಂದ ನೋಡಿದ್ರೆ ಈಚೆ ಕಾಣ್ಬೇಕು, ಅಂಥದ್ದು ಮಾತ್ರ ಬಿಡುದು."

"ಮಜ್ಜಿಗೆ ಆಚೆಯಿಂದ ಈಚೆ ಕಾಣ್ತದಾ?"

"ಬಾಟ್ಲಿ ಕಾಣ್ಬೇಕು ಅಂತ ಹೇಳಿದ್ದು."

ಹಾಗೆ ಈ ಪ್ಲಾಸ್ಟಿಕ್ ಬಾಟ್ಲಿ ನಮ್ಮ ಕಥೆಯೊಳಗೆ ಬಂತು. ಗೇಟಿನಲ್ಲಿ ಒಬ್ಬ ಹೆಂಗಸು ಅದನ್ನು ಬಿಸಿಲಿಗೆ ಎತ್ತಿ ಹಿಡಿದಳು. ಒಳಗೆ ಬಿಳಿ ನೀರು, ಅದರಲ್ಲಿ ತೇಲುವ ಹಸಿರು ಎಲೆ. ಮುಚ್ಚಳ ತೆಗೆದು ಮೂಸಿ ಮುಖ ಹಿಂಡಿದಳು. ಇದೇನು ಔಷಧಿಯೇ ಎಂದು ಕೇಳಿದಳಂತೆ. ವಿನಯಾ ಹೌದು ಎಂದಳು. ಆ ಹೆಂಗಸು ನನ್ನ ಮುಖ ನೋಡಿ, ಪಾಪ, ಹೋಗಲಿ ಎಂದು ಬಿಟ್ಟಳು. ಅವಳು ಅವತ್ತು ಅದನ್ನು ಚೆಲ್ಲಿದ್ದರೆ ನಾನು ಬೈಯುತ್ತಿದ್ದೆ, ಮತ್ತೇನೂ ಆಗುತ್ತಿರಲಿಲ್ಲ.

ಒಳಗೆ ಕಾಲಿಟ್ಟರೆ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಷ್ಟು ಜನವನ್ನು ನಾನು ಒಂದೇ ಕಡೆ ನೋಡಿದ್ದಿಲ್ಲ. ಹೊಟ್ಟೆಗೆ ಬಣ್ಣ ಬಳಿದುಕೊಂಡು ಅಂಗಿ ಇಲ್ಲದೆ ನಿಂತ ಗಂಡಸರು, ಹಸುಗೂಸಿನ ಕಿವಿಗೆ ಶಬ್ದ ತಡೆಯುವ ಮುಚ್ಚಳ ಹಾಕಿ ಹೊತ್ತು ತಂದ ತಾಯಂದಿರು. ಮೈದಾನದಲ್ಲಿ ತಲೆಗೆ ಕೊಡಪಾನದಂಥದ್ದು ಕವುಚಿಕೊಂಡ ಹುಡುಗರು ಓಡಿ ಬಂದು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಎಲುಬು ಮುರಿದ ಹಾಗೆ ಸದ್ದು.

"ಇವರ ಅಮ್ಮಂದಿರಿಗೆ ಗೊತ್ತುಂಟಾ ಇದು?" ಎಂದು ಕೇಳಿದೆ.

ವಿನಯಾ ಮುಂದಿನ ಸಾಲು ತೋರಿಸಿದಳು. "ಅಲ್ಲಿ ಕಿರುಚ್ತಾ ಇದ್ದಾರಲ್ಲ, ಅವರೇ ಅಮ್ಮಂದಿರು. ಇನ್ನೂ ಜೋರಾಗಿ ಗುದ್ದು ಅಂತ ಹೇಳ್ತಿದ್ದಾರೆ."

ಎದುರು ಬಂದವರು ಎಲ್ಲಿಯದೋ ಮರುಭೂಮಿಯ ಸಣ್ಣ ಕಾಲೇಜಿನವರು. ಅವರನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ನಮ್ಮವರು ಕೈಕಾಲು ಬಿಸಿ ಮಾಡಿಕೊಳ್ಳಲಿಕ್ಕೆಂದು ಕರೆಸಿದ ಪೈಕಿ. ಅವರು ಬಂದು ನಮ್ಮವರನ್ನು ಬಟ್ಟೆ ಒಗೆದ ಹಾಗೆ ಒಗೆದರು. ಅರ್ಧ ಆಟಕ್ಕೇ ಎಣಿಕೆ ಅವರ ಕಡೆ ಓಡಿಹೋಗಿತ್ತು. ಮುಗಿಯುವಾಗ ಅವರಿಗೆ ನಲವತ್ತರ ಮೇಲೆ, ನಮಗೆ ಮೂರು. ಆ ಮೂರೂ ಯಾರೋ ಚೆಂಡನ್ನು ಕಾಲಿನಲ್ಲಿ ಒದ್ದು ತಂದದ್ದು.

ಅರ್ಧ ಆಟದ ಬಿಡುವಿನಲ್ಲಿ ಬ್ಯಾಂಡಿನವರು ಮೈದಾನದ ಅಂಚಿಗೆ ಬಂದು ಸಾಲಾಗಿ ನಿಂತರು. ನಾವು ಕೂತ ಮೆಟ್ಟಿಲ ಸಾಲಿನ ಕಟಕಟೆಯಿಂದ ಹತ್ತು ಮಾರು ದೂರ ಇರಬಹುದು. ಅನ್ವಿಯ ಮುಖ ಕುಂಕುಮದಂತೆ ಕೆಂಪು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಉಣ್ಣೆಯಂಥ ದಪ್ಪ ಬಟ್ಟೆ, ಅದರ ಮೇಲೆ ಆ ಗಾಲಿ. ನನಗೆ ತಡೆಯಲಿಲ್ಲ. ಬಾಟ್ಲಿ ಹಿಡಿದು ಮೆಟ್ಟಿಲಿಳಿದು ಕಟಕಟೆಯ ಹತ್ತಿರ ಹೋದೆ. ಅವಳು ಬಾರಿಸುತ್ತಿದ್ದಳು. ನಾನು ಕರೆದೆ. ನನ್ನ ಸ್ವರ ನಿಮಗೆ ಗೊತ್ತಿಲ್ಲ. ಬೀಡಿ ಕಟ್ಟುವಾಗ ಗದ್ದೆಯ ಆ ಬದಿಯ ಮನೆಯವಳ ಜೊತೆ ಜಗಲಿಯಲ್ಲಿ ಕೂತೇ ಮಾತಾಡುತ್ತಿದ್ದವಳು ನಾನು.

ಅನ್ವಿ ತಿರುಗಿ ನೋಡಿದಳು.

ಬಾರಿಸುವುದು ಒಂದು ಕ್ಷಣ ಎಲ್ಲೋ ಎಡವಿದಂತಾಯಿತು, ಮತ್ತೆ ಶುರುವಾಯಿತು. ಪದ್ಯವೇ ಹಾಗೆ ಇರಬೇಕು ಎಂದುಕೊಂಡೆ. ಹಳದಿ ಅಂಗಿಯ ಕಾವಲಿನವನೊಬ್ಬ ಬಂದು ಕೈಮುಗಿಯುವುದೊಂದು ಬಾಕಿ, ಅಷ್ಟು ಮರ್ಯಾದೆಯಿಂದ ನನ್ನನ್ನು ಮೇಲೆ ಕಳಿಸಿದ. ಮಜ್ಜಿಗೆಯನ್ನು ಕೊನೆಗೆ ನಾನೇ ಕುಡಿದೆ.

ಆಟ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಅನ್ವಿ ಸಿಕ್ಕಳು. ತಂಡ ಸೋತದ್ದಕ್ಕೆ ಅಳುಮುಖ ಮಾಡಿದ್ದಾಳೆ ಎಂದು ತಿಳಿದೆ. ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ. "ನಿಮ್ಮದು ಮುಗೀತು ಬಿಡು ಮಗಾ. ಇಷ್ಟು ಕೆಟ್ಟದಾಗಿ ಸೋತವರನ್ನು ಮುಂದೆ ಯಾರೂ ಕೈಯಲ್ಲಿ ಮುಟ್ಲಿಕ್ಕಿಲ್ಲ," ಎಂದೆ.

"ಇಲ್ಲ ಅಜ್ಜಿ. ಕೊನೆಯಲ್ಲಿ ಹನ್ನೆರಡು ಟೀಮ್ ಪ್ಲೇಆಫ್‌ಗೆ, ಅಂದ್ರೆ ಕಪ್‌ಗೆ ಆಡುವ ಕೊನೆಯ ಮ್ಯಾಚ್‌ಗಳಿಗೆ ಹೋಗ್ತವೆ. ಕಮಿಟಿ ಡಿಸೈಡ್ ಮಾಡ್ತದೆ. ಒಂದು ಲಾಸ್ ಇದ್ರೂ ಹೋಗ್ಬಹುದು."

"ಎಂಥ ಕಮಿಟಿ?"

"ಕೆಲವು ಟೀಮ್ ಗೆದ್ದು ಸೀದಾ ಹೋಗ್ತವೆ. ಉಳಿದದ್ದು ಕಮಿಟಿ. ಒಂದು ಹೋಟೆಲ್ ರೂಮಲ್ಲಿ ಕೂತು ಲಿಸ್ಟ್ ಮಾಡ್ತಾರೆ."

ಅವತ್ತಿನ ಎಲ್ಲಕ್ಕಿಂತ ದೊಡ್ಡ ಆಘಾತ ಅದು. ಎಲುಬು ಮುರಿಯುವಂತೆ ಆಡುವವರು ಇವರು, ಯಾರು ಮುಂದೆ ಹೋಗಬೇಕೆಂದು ಹೇಳುವವರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತವರು. ಇದು ಬೀಡಿ ಬ್ರಾಂಚಲ್ಲದೆ ಮತ್ತೇನು?

ಕಟ್ಟಿದ ಬೀಡಿ ಒಪ್ಪಿಸುವ ನಮ್ಮ ಬ್ರಾಂಚಿನಲ್ಲಿ ಸಂಜೀವಣ್ಣ ಎಂಬ ಚೆಕ್ಕರ್ ಇದ್ದ. ನಾವು ಕಟ್ಟಿ ತಂದ ಬೀಡಿ ನೋಡಿ ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳುವುದು ಅವನ ಕೆಲಸ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಅವ ಎಲ್ಲ ಕಟ್ಟು ನೋಡುವವನಲ್ಲ. ಕಣ್ಣು ಬೇರೆ ಕಡೆ ಇಟ್ಟು ರಾಶಿಯೊಳಗೆ ಕೈ ಹಾಕಿ ಒಂದನ್ನು ಎಳೆಯುತ್ತಿದ್ದ. ಹೆಬ್ಬೆರಳಿನಲ್ಲಿ ಒತ್ತುತ್ತಿದ್ದ. ಮೆತ್ತಗೆ ಸಿಕ್ಕಿದರೆ ಕಟ್ಟನ್ನೇ ಮುರಿದು ಬದಿಯ ಬುಟ್ಟಿಗೆ ಎಸೆಯುತ್ತಿದ್ದ. ನಾವೂ ಕಡಿಮೆಯಿಲ್ಲ. ಸಡಿಲ ಬೀಡಿಯನ್ನು ಕಟ್ಟಿನ ನಡುವೆ ಅಡಗಿಸಿ, ಒಳ್ಳೆಯದನ್ನು ಸುತ್ತ ನಿಲ್ಲಿಸುತ್ತಿದ್ದೆವು. ಅವನಿಗೆ ಅದೂ ಗೊತ್ತು. ಅವನ ಹೆಬ್ಬೆರಳು ಹಾವಿನ ಹಾಗೆ ಸೀದಾ ನಡುವಿಗೇ ಹೋಗುತ್ತಿತ್ತು.

ಒಮ್ಮೆ, ವಿನಯಾ ಚಿಕ್ಕವಳಿರುವಾಗ, ಅವಳಿಗೆ ಕೋಟಲೆಯ ಗುಳ್ಳೆ ಎದ್ದು ಜ್ವರಕ್ಕೆ ಮೈ ಕಾದ ಹಂಚಾಗಿತ್ತು. ಒಂದು ತೊಡೆಯ ಮೇಲೆ ಅವಳು, ಇನ್ನೊಂದರ ಮೇಲೆ ಮೊರ. ಅವತ್ತಿನ ಬೀಡಿ ಹೇಗಿತ್ತೆಂದು ನನಗೂ ಗೊತ್ತಿತ್ತು. ಸಂಜೀವಣ್ಣ ಒಂದು ಕಟ್ಟು ಒತ್ತಿದ, ಎರಡನೆಯದು ಒತ್ತಿದ, ಇಡೀ ದಿನದ್ದನ್ನು ಬುಟ್ಟಿಗೆ ಹಾಕಿದ. ಯಾಕೆ ಹೀಗಾಯಿತು ಎಂದು ಅವ ಕೇಳಲಿಲ್ಲ, ನಾನು ಹೇಳಲಿಲ್ಲ. ಬೀಡಿಯ ಒಳಗೆ ಕಾರಣ ಸುತ್ತಿ ತರಲಿಕ್ಕಾಗುವುದಿಲ್ಲ ಎಂದು ಅವನೇ ಇನ್ನೊಬ್ಬಳಿಗೆ ಹೇಳಿದ್ದನ್ನು ನಾನು ಕೇಳಿದ್ದೆ. ಅವನ ಮೇಲೆ ನನಗೆ ಸಿಟ್ಟು ಬಂದಿತ್ತು, ಆದರೆ ಅವ ಹೇಳಿದ್ದು ಸುಳ್ಳು ಎಂದು ಯಾವತ್ತೂ ಅನ್ನಿಸಿದ್ದಿಲ್ಲ.

ಹೀಗೆ ನಾನು ಕೆಟ್ಟ ಸೋಲಿನ ವಿಷಯದಲ್ಲಿ, ಬುಟ್ಟಿಗೇ ಹಾಕಬೇಕು ಎನ್ನುವ ಕಡು ಪಕ್ಷದವಳಾಗಿದ್ದೆ. ನನ್ನ ಪಕ್ಷಕ್ಕೆ ಇನ್ನೊಬ್ಬರು ಜೊತೆ ಸಿಕ್ಕರು, ಪಕ್ಕದ ಮನೆಯ ಖಲೀಲ್ ಸಾಹೇಬರು. ಮೈಸೂರಿನವರು, ನನ್ನ ಓರಗೆಯವರು, ಇಲ್ಲಿಗೆ ಬಂದು ಬಹಳ ವರ್ಷ ಟೈರಿನ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಅವರಿಗೆ ಲಾಸ್ ಏಂಜಲೀಸಿನ ದೊಡ್ಡದೊಂದು ಕಾಲೇಜಿನ ತಂಡದ ಹುಚ್ಚು. ಪ್ರತಿ ಮಂಗಳವಾರ ಸಂಜೆ ನಾಲ್ಕಕ್ಕೆ ಕಮಿಟಿಯ ಪಟ್ಟಿ ಟಿವಿಯಲ್ಲಿ ಬರುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ನವೆಂಬರಿನಿಂದ ಅವರು ಚಹದ ಕಪ್ಪು ಹಿಡಿದು ನಮ್ಮ ನಡುಮನೆಗೆ ಬರುವುದು, ನಾನು ಚಕ್ಕುಲಿ ಡಬ್ಬ ತೆಗೆಯುವುದು ಪದ್ಧತಿಯಾಯಿತು.

ಅಷ್ಟರಲ್ಲಿ ಅನ್ವಿಯ ತಂಡಕ್ಕೆ ಏನಾಯಿತೋ, ಆ ಸೋಲಿನ ನಂತರ ಸೋತದ್ದೇ ಇಲ್ಲ. ವಾರ ವಾರ ಗೆದ್ದರು. ಪಟ್ಟಿಯ ಬುಡದಿಂದ ಒಂದೊಂದೇ ಮೆಟ್ಟಿಲು ಮೇಲೆ ಬಂದರು. ಖಲೀಲ್ ಸಾಹೇಬರ ತಂಡ ಎರಡು ಸಲ ಸೋತಿತ್ತು, ಎರಡೂ ಸಲ ಬಲಿಷ್ಠರ ಕೈಯಲ್ಲಿ, ಸ್ವಲ್ಪದರಲ್ಲಿ.

"ಅಲ್ಲ ಅಕ್ಕ, ನೀವೇ ಹೇಳಿ," ಎನ್ನುವರು ಸಾಹೇಬರು. "ಸೋಲ್ಲಿ, ಬೇಡ ಅನ್ನಲ್ಲ. ದೊಡ್ಡೋರ ಹತ್ರ ಸೋಲ್ಲಿ, ನಾಲ್ಕು ಪಾಯಿಂಟಲ್ಲಿ ಸೋಲ್ಲಿ. ಇವ್ರದ್ದು ಸೋಲಾ? ಮನೆಗೆ ಊಟಕ್ಕೆ ಕರೆದೋರ ಕೈಲಿ ಒದೆ ತಿಂದಿದ್ದು. ಇಂಥೋರನ್ನ ಒಳಗೆ ಬಿಟ್ರೆ ಸೆಪ್ಟೆಂಬರಲ್ಲಿ ಆಟ ಯಾಕೆ ಇಡ್ಬೇಕು? ನವೆಂಬರಲ್ಲೇ ಶುರು ಮಾಡ್ಲಿ."

"ಸರಿಯೇ ಸಾಹೇಬ್ರೆ. ನಾನಾದ್ರೆ ಬುಟ್ಟಿಗೆ ಹಾಕ್ತಿದ್ದೆ."

"ನಿಮ್ಮನ್ನ ಕಮಿಟಿಗೆ ಹಾಕ್ಬೇಕು ಅಕ್ಕ."

ಟಿವಿಯಲ್ಲಿ ಕಮಿಟಿಯವನೊಬ್ಬ ಕೋಟು ಹಾಕಿಕೊಂಡು ಬಂದು ಕಾರಣ ಹೇಳುತ್ತಿದ್ದ. ಸ್ಯಾನ್ ಡಿಯೇಗೋದವರ ಮುಖ್ಯ ಆಟಗಾರನ ಭುಜಕ್ಕೆ ಆ ದಿನ ಪೆಟ್ಟಾಗಿತ್ತು, ಅದನ್ನೂ ನಾವು ಗಮನಕ್ಕೆ ತೆಗೆದುಕೊಂಡಿದ್ದೇವೆ ಎಂದ. ವಿನಯಾ ಅದನ್ನು ಕನ್ನಡದಲ್ಲಿ ಹೇಳಿದಾಗ ನನಗೆ ಚಕ್ಕುಲಿ ಗಂಟಲಲ್ಲಿ ನಿಂತಿತು. ಇಲ್ಲಿಯ ಚೆಕ್ಕರ್ ಕಾರಣ ಕೇಳುತ್ತಾನೆ. ನಲವತ್ತು ವರ್ಷದಲ್ಲಿ ಒಬ್ಬ ಚೆಕ್ಕರ್ ನನ್ನನ್ನು ಕಾರಣ ಕೇಳಿದ್ದಿಲ್ಲ. ಭುಜ ನೋಯುವುದು ಈ ದೇಶದಲ್ಲಿ ಲೆಕ್ಕಕ್ಕೆ ಬರುತ್ತದೆ.

ನವೆಂಬರಿನ ನಡುವೆ ಒಂದು ಮಂಗಳವಾರ ಸಾಹೇಬರು ನಗುತ್ತ ಬಂದರು, ಕೈಯಲ್ಲಿ ಫೋನು. "ಅಕ್ಕ, ನಿಮ್ಮ ಕಾಲೇಜಿನ ಬ್ಯಾಂಡೂ ಆ ಸೋತ ದಿನಾನೇ ಎಡವಿತ್ತಂತೆ ನೋಡಿ. ನಮ್ಮ ಹುಡುಗ್ರು ಕಳಿಸಿದಾರೆ, ಎಲ್ಲಾ ಕಡೆ ಓಡಾಡ್ತಾ ಇದೆ."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಐದು ಡ್ರಮ್ಮಿನವರು ಬಾರಿಸುತ್ತಿದ್ದಾರೆ. ಏಟು ಒಂದರಿಂದ ಇನ್ನೊಂದಕ್ಕೆ ಓಡುತ್ತಿದೆ, ಚಂದವಾಗಿ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಸ್ವರ, ಗದ್ದೆಯ ಆಚೆಯಿಂದ ಕರೆದಂತೆ: "ಅನ್ವೀ, ಇಲ್ಲಿ ನೋಡು, ಮಜ್ಜಿಗೆ ತಂದಿದ್ದೇನೆ." ನಾಲ್ಕನೆಯವಳ ತಲೆ ತಿರುಗುತ್ತದೆ, ಕೈ ಗಾಳಿಯಲ್ಲಿ ನಿಲ್ಲುತ್ತದೆ. ಐದನೆಯವ ತನ್ನ ಏಟಿಗೆ ಕಾದು ಕಾದು ತಪ್ಪಾಗಿ ಹೊಡೆಯುತ್ತಾನೆ. ಅವನ ಹಿಂದಿನಿಂದ ತುತ್ತೂರಿಯವರು ಒಬ್ಬೊಬ್ಬರಾಗಿ ಬೀಳುತ್ತಾರೆ. ಮೂಲೆಯಲ್ಲಿ ಒಂದು ಮುದಿ ಕೈ, ಎರಡು ಬಳೆ, ಅದರಲ್ಲಿ ಬಿಳಿ ನೀರಿನ ಬಾಟ್ಲಿ.

ಸಾಹೇಬರು ಫೋನು ನೋಡಿದರು, ನನ್ನ ಕೈ ನೋಡಿದರು, ಮತ್ತೆ ಫೋನು ನೋಡಿದರು. ನಗು ಅಲ್ಲೇ ಆರಿತು.

"ಅಕ್ಕ, ಈ ವಾಯ್ಸು..."

"ನಂದೇ," ಎಂದೆ. "ಇನ್ನೊಮ್ಮೆ ಹಾಕಿ."

ಮೂರು ಸಲ ನೋಡಿದೆ. ನನ್ನ ಸ್ವರವನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅಷ್ಟು ದೊಡ್ಡದೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನನಗೆ ಕೇಳಿರಲಿಕ್ಕಿಲ್ಲ.

ಅನ್ವಿಗೆ ಫೋನು ಮಾಡಿಸಿದೆ.

"ಆ ದಿನ ಬ್ಯಾಂಡು ಎಡವಿದ್ದು ನನ್ನಿಂದಾ?"

"ನಿಮ್ಮಿಂದ ಅಲ್ಲ ಅಜ್ಜಿ. ತಿರುಗಿದ್ದು ನಾನು. ದಟ್ಸ್ ಆನ್ ಮಿ."

"ನಿನಗೆ ಬೈದ್ರಾ?"

"ಬೈಯಲಿಲ್ಲ. ಈಗ ಎಲ್ರೂ ನನ್ನ ಬಟರ್‌ಮಿಲ್ಕ್ ಅಂತ ಕರೀತಾರೆ. ಇಟ್ಸ್ ಫೈನ್."

ಫೈನ್ ಅಲ್ಲ ಎಂದು ಅವಳ ಸ್ವರದಲ್ಲೇ ಗೊತ್ತಾಯಿತು. ಕೆದಕಿದ ಮೇಲೆ ಹೊರಬಂತು. ತಂಡ ಪ್ಲೇಆಫ್‌ಗೆ ಹೋದರೆ ಆಟ ದೂರದ ಊರಿನಲ್ಲಿ, ಅಲ್ಲಿ ನಮ್ಮ ಬ್ಯಾಂಡಿಗೆ ಕೊಡುವ ಜಾಗ ಸ್ವಲ್ಪ. ಐದು ಡ್ರಮ್ಮಿನಲ್ಲಿ ಮೂರನ್ನೇ ಕರೆದುಕೊಂಡು ಹೋಗುತ್ತಾರೆ. ಯಾವ ಮೂರು ಎಂದು ಹೇಳುವವರು ಬ್ಯಾಂಡಿನ ಮಾಸ್ತರರು. ಮೊದಲ ಎರಡು ವರ್ಷ ಅನ್ವಿಯನ್ನು ಬ್ಯಾಂಡಿಗೇ ಸೇರಿಸಿಕೊಂಡಿರಲಿಲ್ಲ, ಮೂರನೆಯ ವರ್ಷ ಕಾಡಿ ಬೇಡಿ ಸೇರಿದವಳು. ಇದು ಕೊನೆಯ ವರ್ಷ. ಇನ್ನೊಂದು ಸಲ ಎಂಬುದಿಲ್ಲ.

ಆ ಸಂಜೆ ಸಾಹೇಬರು ಕೆಟ್ಟ ಸೋಲಿನ ಮಾತು ಎತ್ತಿದಾಗ ನಾನು, "ಒಂದು ದಿನ ಕೆಟ್ಟದ್ದಾದ್ರೆ ಇಡೀ ವರ್ಷವನ್ನೇ ಬುಟ್ಟಿಗೆ ಹಾಕುದು ಎಂಥ ನ್ಯಾಯ ಸಾಹೇಬ್ರೆ?" ಎಂದೆ.

"ಏನಕ್ಕ, ಪಾರ್ಟಿ ಚೇಂಜ್ ಮಾಡ್ಬಿಟ್ರಿ?"

"ಹೌದು, ಮಾಡಿದೆ."

"ಮೊಮ್ಮಗಳು ಅಂತ?"

"ಮತ್ತೆ? ನಿಮ್ಮ ಮೊಮ್ಮಗಳಿಗೆ ಅಂತ ಮಾಡ್ಲಿಕ್ಕಾಗ್ತದಾ?"

ಅವರು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ಅಷ್ಟು ಮರ್ಯಾದಸ್ಥರು.

ಸ್ಯಾನ್ ಡಿಯೇಗೋದಲ್ಲಿ ಕೊನೆಯ ಆಟ ಇದ್ದ ಶನಿವಾರ ನಾನು ಹಟ ಹಿಡಿದು ಹೊರಟೆ. ಮಾಸ್ತರರ ಹತ್ತಿರ ಮಾತಾಡಬೇಕು, ತಪ್ಪು ನನ್ನದೆಂದು ಹೇಳಬೇಕು. ಅನ್ವಿ ಫೋನಿನಲ್ಲಿ ಬೇಡ ಬೇಡ ಎಂದು ಬಡಿದುಕೊಂಡಳು. ವಿನಯಾ ಎರಡು ಗಂಟೆ ಡ್ರೈವ್ ಮಾಡುವಷ್ಟು ಹೊತ್ತೂ, "ಅಮ್ಮ, ಇದು ಶಾಲೆಗೆ ಹೋಗಿ ಹೆಡ್ಮಾಸ್ಟರಿಗೆ ಹೇಳುವ ವಿಷಯ ಅಲ್ಲ," ಎನ್ನುತ್ತಿದ್ದಳು. ನಾನು ಎಡಗಡೆಯ ಕಿಟಕಿಯಲ್ಲಿ ಗುಡ್ಡ, ಬಲಗಡೆಯಲ್ಲಿ ಸಮುದ್ರ ನೋಡುತ್ತ ಕೂತೆ. ಇಂಗ್ಲಿಷಿನ ನಾಲ್ಕು ಮಾತು ಬಾಯಿಪಾಠ ಮಾಡುತ್ತಿದ್ದೆ.

ಬ್ಯಾಂಡಿನವರು ಪಾರ್ಕಿಂಗ್ ಲಾಟಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಮಾಸ್ತರರು ಎಂದರೆ ಹುಲ್ಲಿನ ಟೋಪಿ, ಕುತ್ತಿಗೆಗೆ ಸೀಟಿ, ಕಡ್ಡಿಯಂಥ ಮನುಷ್ಯ. ಬಿಡುವು ಕೊಟ್ಟ ಕೂಡಲೇ ಹೋಗಿ ಎದುರು ನಿಂತೆ.

"ಮೈ ಫಾಲ್ಟ್," ಎಂದೆ. "ಐ ಕಾಲ್. ಶಿ ಲುಕ್. ಬಟರ್‌ಮಿಲ್ಕ್."

ಆ ಮನುಷ್ಯ ಟೋಪಿ ತೆಗೆದ. ಆಮೇಲೆ ಅವ ಹೇಳಿದ್ದನ್ನು ವಿನಯಾ ನನಗೆ ಹೇಳಿದಳು: "ಅವ್ರಿಗೆ ಗೊತ್ತಂತೆ. ಅವ್ರಿಗೂ ಕೇಳಿತ್ತಂತೆ. ಇಡೀ ಸ್ಟೇಡಿಯಮ್ಮಿಗೆ ಕೇಳಿತ್ತಂತೆ."

"ಹಾಗಾದ್ರೆ ಹುಡುಗಿಯ ತಪ್ಪು ಎಂಥದ್ದು ಅಂತ ಕೇಳು."

ವಿನಯಾ ಕೇಳಿದಳು. ಅವ ಮೆಲ್ಲನೆ ಮಾತಾಡಿದ. ವಿನಯಾ ನನ್ನ ಕಡೆ ತಿರುಗದೆ ನೆಲ ನೋಡುತ್ತ ಹೇಳಿದಳು.

"ಬೇರೆ ಊರಿಗೆ ಹೋದಾಗ ಇಡೀ ಸ್ಟೇಡಿಯಂ ನಮ್ಮ ಮಕ್ಕಳನ್ನ ಕೂಗ್ತದಂತೆ, ಪ್ರೀತಿಯಿಂದ ಅಲ್ಲವಂತೆ. ಕರೆಯುವವರು ಕರೀತಾರೆ, ಅವರ ಮೇಲೆ ಸಿಟ್ಟಿಲ್ಲವಂತೆ. ಯಾರು ಕರೆದ್ರೂ ಕೈ ನಿಲ್ಬಾರ್ದಂತೆ."

ಟೋಪಿ ಹಿಡಿದು ನಿಂತ ಆ ಪರದೇಶದ ಮನುಷ್ಯ ನನ್ನ ಬಾಯಿಯ ಮಾತನ್ನು ಕದ್ದು ನನಗೇ ಹೇಳಿದ ಹಾಗಾಯಿತು. ಆ ಮಾತು ನನ್ನದು. ಬೀಡಿ ಕಲಿಯಲು ಬಂದ ಊರಿನ ಎಷ್ಟೋ ಹುಡುಗಿಯರಿಗೆ ನಾನು ಮೊದಲು ಹೇಳಿದ್ದು ಅದನ್ನೇ. ಬಾಯಿ ಏನು ಬೇಕಾದರೂ ಮಾತಾಡಲಿ, ನಗಲಿ, ಜಗಳ ಮಾಡಲಿ, ಕೈ ನಿಲ್ಲಬಾರದು. ಅರ್ಧ ಸುತ್ತಿದ ಬೀಡಿಯನ್ನು ಬಿಟ್ಟರೆ ಎಲೆ ಬಿಚ್ಚಿಕೊಳ್ಳುತ್ತದೆ, ಸೊಪ್ಪು ಚೆಲ್ಲುತ್ತದೆ, ಅದೇ ಎಲೆ ಮತ್ತೆ ಸುತ್ತಿದರೆ ಸೀಳುತ್ತದೆ. ಯಾರು ಕರೆದರೂ, ಕೈಯಲ್ಲಿದ್ದ ಬೀಡಿಯ ಬಾಯಿ ಮಡಚಿ, ನೂಲು ಸುತ್ತಿ, ಮೊರದಲ್ಲಿಟ್ಟು ಆಮೇಲೆ ತಲೆ ಎತ್ತಬೇಕು. ಇಷ್ಟು ಕಲಿಸಿದವಳು ನಾನು. ಬಾರಿಸುತ್ತಿದ್ದ ಮಗುವಿನ ಕೈ ನಿಲ್ಲಿಸಿದವಳೂ ನಾನು. ಡ್ರಮ್ಮಿನ ಕೆಲಸ ಕೆಲಸವೆಂದು ನನಗೆ ತೋರಿರಲಿಲ್ಲ, ಅಷ್ಟೇ. ಆಟ ಎಂದುಕೊಂಡಿದ್ದೆ.

"ಅವ ಹೇಳಿದ್ದು ಸರಿ," ಎಂದೆ.

ದೂರದಿಂದ ಅನ್ವಿ ನೋಡುತ್ತಿದ್ದಳು. ಈ ಸಲ ನಾನು ಕೈ ಬೀಸಲಿಲ್ಲ.

ಹಿಂದೆ ಬರುವಾಗ ಕಾರಿನಲ್ಲಿ ಮಾತು ನಾನೇ ಶುರು ಮಾಡಿದೆ. "ಅವಳು ಯಾಕೆ ತಿರುಗಿದ್ದು? ನಾನು ಕರೆದ್ರೆ ತಿರುಗ್ಬೇಕು ಅಂತ ಎಂಥ ಉಂಟು?"

ವಿನಯಾ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ನಾನು ಎರಡನೇ ಕ್ಲಾಸಲ್ಲಿರುವಾಗ ಬಾವಿಕಟ್ಟೆಯಿಂದ ಬಿದ್ದು ಮೊಣಕಾಲು ಒಡ್ಕೊಂಡಿದ್ದೆ. ಜಗಲಿಗೆ ಬಂದು ನಿನ್ನ ಕರೆದೆ. ರಕ್ತ ಕಾಲ್ಬೆರಳಿಗೆ ಇಳೀತಿತ್ತು. ನೀನು ನೂಲು ಸುತ್ತಿ, ಬೀಡಿ ಮೊರದಲ್ಲಿಟ್ಟು, ಆಮೇಲೆ ತಲೆ ಎತ್ತಿದ್ದು."

"ಎಷ್ಟು ಹೊತ್ತಿನ ಕೆಲ್ಸ ಅದು? ಮೂರು ಸುತ್ತು."

"ನಾನು ಎಣಿಸಿದ್ದೆ ಅಮ್ಮ. ನಾಲ್ಕು." ಮುಂದಿದ್ದ ಕಾರನ್ನು ಹಿಂದೆ ಹಾಕಿ ಹೇಳಿದಳು: "ಅನ್ವಿಗೆ ನಾನು ಅದನ್ನ ಕಲಿಸ್ಲಿಲ್ಲ. ಯಾರಾದ್ರೂ ಕರೆದ್ರೆ ಮೊದಲು ನೋಡು ಅಂತ ಕಲಿಸಿದ್ದೇನೆ. ಅದಕ್ಕೆ ತಿರುಗಿದ್ದು."

ಇಷ್ಟು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವಳು ನನಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟಿದ್ದಾಳೆ, ಕಾಲಿಗೆ ಎಣ್ಣೆ ಹಚ್ಚಿದ್ದಾಳೆ. ಸ್ಟೇಡಿಯಂ ನೋಡಿದಾಗ, ಕಮಿಟಿಯ ವಿಷಯ ಕೇಳಿದಾಗ, ವಿಡಿಯೋ ನೋಡಿದಾಗ ನನಗೆ ಆದದ್ದು ಆಘಾತವೇ ಅಲ್ಲ ಎಂದು ಆಗ ತಿಳಿಯಿತು. ಕ್ಷಮಿಸು ಎನ್ನಲಿಲ್ಲ. ನಾನು ಅವತ್ತು ಎದ್ದಿದ್ದರೆ ಮೂರು ಸುತ್ತೋ ನಾಲ್ಕು ಸುತ್ತೋ ಬಿಚ್ಚಿ ಒಂದು ಎಲೆ ಹಾಳಾಗುತ್ತಿತ್ತು. ಒಂದು ಎಲೆ. ಅದನ್ನೇ ಯೋಚಿಸುತ್ತ ಡೈಮಂಡ್ ಬಾರಿನವರೆಗೆ ಕೂತೆ.

ಡಿಸೆಂಬರಿನ ಮೊದಲಲ್ಲಿ ಒಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೊನೆಯ ಪಟ್ಟಿ. ಇಡ್ಲಿ ಇಳಿಸುವ ಹೊತ್ತು. ಸಾಹೇಬರು ತಮ್ಮ ತಂಡದ ಬಣ್ಣದ ಅಂಗಿ ಹಾಕಿಕೊಂಡು ಬಂದು ಕೂತರು. ಹನ್ನೊಂದು ಹೆಸರು ಬಂದು ಹೋಯಿತು. ಉಳಿದದ್ದು ಒಂದು ಜಾಗ, ಕಾಯುತ್ತಿದ್ದದ್ದು ಅವರ ತಂಡ ಮತ್ತು ನಮ್ಮದು. ಟಿವಿಯವರು ಜಾಹೀರಾತು ಹಾಕಿದರು. ಸಾಹೇಬರು ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಳ್ಳುತ್ತಿದ್ದರು, ನಾನು ಇಡ್ಲಿ ತಟ್ಟೆ ಹಿಡಿದು ನಿಂತಿದ್ದೆ.

ನಮ್ಮ ತಂಡದ ಹೆಸರು ಬಂತು.

ಪರದೆಯ ಮೇಲೆ ಆ ಹುಡುಗರು ಒಬ್ಬರ ಮೇಲೊಬ್ಬರು ಹಾರಿ ಅಳುತ್ತಿದ್ದರು. ನಲವತ್ತರ ಮೇಲೆ ಹೊಡೆಸಿಕೊಂಡವರು ಒಳಗೆ, ನಾಲ್ಕು ಪಾಯಿಂಟಿನಲ್ಲಿ ಸೋತವರು ಹೊರಗೆ. ಗೆದ್ದದ್ದು ನಮ್ಮ ಪಕ್ಷವೇ, ಆದರೂ ನನಗೆ ನಂಬಲಾಗಲಿಲ್ಲ. ಸಾಹೇಬರು, "ಭುಜ ನೋವಂತೆ," ಎಂದರು. "ನಮ್ಮೋರಿಗೆ ಭುಜಾನೇ ಇಲ್ವೇನೋ." ಆಮೇಲೆ ಇಡ್ಲಿ ಎರಡು ಹೆಚ್ಚು ಹಾಕಿಸಿಕೊಂಡರು.

ಬ್ಯಾಂಡಿನ ಪಟ್ಟಿ ಸೋಮವಾರ ಬಂತು. ಅನ್ವಿಯೇ ಫೋನು ಮಾಡಿದಳು. ಒಂದನೆಯದು, ಮೂರನೆಯದು, ಐದನೆಯದು. ನಾಲ್ಕನೆಯದು ಇಲ್ಲ.

"ನಿನ್ನನ್ನ ಯಾಕೆ ಬಿಟ್ರು ಅಂತ ಹೇಳಿದ್ರಾ?"

"ಹೇಳಿದ್ರು ಅಜ್ಜಿ. ಅವ್ರು ಫೇರ್." ಅಷ್ಟು ಹೇಳಿ ಫೋನನ್ನು ಅಮ್ಮನಿಗೆ ಕೊಡು ಎಂದಳು. ವಿನಯಾ ಫೋನು ಹಿಡಿದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದನ್ನು ಕೇಳಿದ ಮೇಲೆ ಕೆಟ್ಟ ಸೋಲಿನ ವಿಷಯದಲ್ಲಿ ನನಗೆ ಪಕ್ಷವೇ ಇಲ್ಲದಾಯಿತು. ಸಂಜೀವಣ್ಣ ಕಾರಣ ಕೇಳಲಿಲ್ಲ, ಬುಟ್ಟಿಗೆ ಹಾಕಿದ. ಕಮಿಟಿಯವರು ಕೇಳಿದರು, ಒಳಗೆ ಬಿಟ್ಟರು. ಮಾಸ್ತರರಿಗೆ ಕಾರಣ ಕೇಳುವುದೇ ಬೇಕಿರಲಿಲ್ಲ, ಅವರ ಎದುರೇ ನಡೆದದ್ದು, ಆದರೂ ಹೊರಗೆ ನಿಲ್ಲಿಸಿದರು. ಯಾರು ಸರಿ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ನಾನೂ ಕೋಟು ಹಾಕಿಕೊಂಡು ಟಿವಿಯಲ್ಲಿ ಕೂರುತ್ತಿದ್ದೆ.

ಆಟ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ. ಅನ್ವಿ ರಜೆಗೆ ಮನೆಗೆ ಬಂದಿದ್ದಳು. ನೋಡುವುದಿಲ್ಲ ಎಂದವಳು ಒಂಬತ್ತಕ್ಕೆ ಸರಿಯಾಗಿ ಬಂದು ಕಾರ್ಪೆಟಿನ ಮೇಲೆ ಕೂತಳು. ದೂರದ ಊರು, ಅಲ್ಲಿ ಹಿಮ ಬೀಳುತ್ತಿತ್ತು. ಸಾಹೇಬರು ಸೋಫಾದ ಮೂಲೆಯಲ್ಲಿ, ಎದುರಾಳಿ ಗೆಲ್ಲಲಿ ಎಂದು ಕಾಯುತ್ತ ಕೂತಿದ್ದರು. ಅದನ್ನು ಅವರು ಮುಚ್ಚಿಡಲಿಲ್ಲ.

ನಾನು ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದೆ. ಚಳಿಗಾಲಕ್ಕೆ ಯಾಕೆ ಎಂದು ಕೇಳಬೇಡಿ, ಕೈಗೆ ಏನಾದರೂ ಕೆಲಸ ಬೇಕಿತ್ತು. ಲೋಟಕ್ಕೆ ಹೊಯ್ದು ನಡುಮನೆಯ ಬಾಗಿಲಿಗೆ ಬಂದಾಗ ಟಿವಿಯಲ್ಲಿ ನಮ್ಮ ಬ್ಯಾಂಡು. ಮೂರು ಡ್ರಮ್ಮು ಬಾರಿಸುತ್ತಿದ್ದವು. ಅದೇ ಪದ್ಯ. ವಿಡಿಯೋದಲ್ಲಿ ನಾನು ಎಷ್ಟೋ ಸಲ ಕೇಳಿದ್ದು. ಏಟು ಎರಡನೆಯದನ್ನು ಹಾರಿ ಒಂದರಿಂದ ಮೂರಕ್ಕೆ ಬಂತು, ಮೂರರಿಂದ ಐದಕ್ಕೆ ಹೋಗುವ ಮೊದಲು ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಖಾಲಿ ಜಾಗ.

ಆ ಜಾಗಕ್ಕೆ ಸರಿಯಾಗಿ ಅನ್ವಿಯ ಕೈ ಅಕ್ಕಿಯ ಡಬ್ಬದ ಮೇಲೆ ಬಿತ್ತು. ಮೂಲೆಯಲ್ಲಿದ್ದ ಅದನ್ನು ಯಾವಾಗ ಪಕ್ಕಕ್ಕೆ ಎಳೆದುಕೊಂಡಿದ್ದಳೋ. ಮತ್ತೆ ಸುತ್ತು ಬಂತು, ಮತ್ತೆ ಬಿತ್ತು. ಒಂದೇ ಏಟು, ಒಂದೇ ಸ್ವರ, ಎಲ್ಲೂ ಎಡವಲಿಲ್ಲ. ಕಣ್ಣು ಟಿವಿಯ ಮೇಲೆ. ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕಡೆ ನೋಡಿದೆ, ಮುಚ್ಚಿದರು.

ನಾನು ಕರೆಯಲಿಲ್ಲ. ಲೋಟ ಹಿಡಿದು ಬಾಗಿಲಲ್ಲೇ ನಿಂತೆ. ಪದ್ಯ ಉದ್ದ ಇತ್ತು, ಕೈ ನೋಯಿತು. ವಿನಯಾ ಆ ಬದಿಯಿಂದ ನನ್ನನ್ನು ನೋಡುತ್ತಿದ್ದಳು. ಕೊನೆಯ ಏಟು ಬಿದ್ದು, ಅನ್ವಿಯ ಅಂಗೈ ಡಬ್ಬದ ಮೇಲೆ ತಣ್ಣಗೆ ಕೂತ ಮೇಲೆ, ಹೋಗಿ ಲೋಟವನ್ನು ಅವಳ ಮುಂದೆ ಇಟ್ಟೆ.

ಅವಳು ಒಂದೇ ಉಸಿರಿಗೆ ಕುಡಿದಳು. ತುಟಿ ಒರೆಸಿಕೊಂಡು ನನ್ನನ್ನು ನೋಡಿದಳು.

"ಉಪ್ಪು ಜಾಸ್ತಿ ಅಜ್ಜಿ."

ಸೆಪ್ಟೆಂಬರಿನಲ್ಲಿ ಅವಳಿಗೆ ಮುಟ್ಟದೆ ಹೋದ ಮಜ್ಜಿಗೆಗೂ ಅಷ್ಟೇ ಹಾಕಿದ್ದೆ.